ಡಬ್ಬಿಯೊಳಗಿನ ಬನ್ನಿ

ಈ ಸಂಗತಿ ಬರೆಯಲು ನಾನು ಕೂತದ್ದು ಇದೇ ಮೊದಲಲ್ಲ. ಕೂತಿದ್ದೇನೆ, ಕನ್ನಡಕ ಒರೆಸಿಕೊಂಡಿದ್ದೇನೆ, ಒಂದು ಸಾಲು ಬರೆದಿದ್ದೇನೆ, ಆಮೇಲೆ ಇಲ್ಲದ ಕೆಲಸವೊಂದನ್ನು ನೆನಪು ಮಾಡಿಕೊಂಡು ಎದ್ದು ಹೋಗಿದ್ದೇನೆ. ದಸರೆ ಮುಗಿಯಲಿ ಎಂದೆ, ಸಂಕ್ರಾಂತಿ ಬಂತು. ಬಿಸಿಲು ಇಳಿಯಲಿ ಎಂದೆ, ಮತ್ತೆ ದಸರೆಯೇ ಬಂತು. ಮುಂದೂಡಬೇಕೆಂದು ಇರುವವನಿಗೆ ಪಂಚಾಂಗದ ಯಾವ ದಿನವೂ ಒಳ್ಳೆಯದಲ್ಲ. ನೀವು ನನ್ನನ್ನು ಬಲ್ಲವರಲ್ಲ, ಆದ್ದರಿಂದ ನಿಮ್ಮ ಮುಂದೆ ಹೇಳುವುದು ಸುಲಭವಾದೀತು ಎಂದುಕೊಂಡಿದ್ದೆ. ಸುಲಭವೇನೂ ಆಗುತ್ತಿಲ್ಲ.

ಬಸವಕಲ್ಯಾಣದ ನಮ್ಮ ಮನೆಯ ಪಡಸಾಲೆಯ ಮೂಲೆಯಲ್ಲಿ ಒಂದು ತಗಡಿನ ಡಬ್ಬಿ ಇದೆ. ಒಂದು ಕಾಲಕ್ಕೆ ಅದು ಕಂಪ್ಯೂಟರು. ಈಗ ಅದನ್ನು ಅಡ್ಡ ಮಲಗಿಸಿ ನನ್ನಾಕೆ ಮೇಲೆ ಉಪ್ಪಿನಕಾಯಿಯ ಭರಣಿ ಇಟ್ಟಿದ್ದಾಳೆ. ಭರಣಿಯ ಎಣ್ಣೆ ಸೋರಿ ಸೋರಿ ತಗಡಿನ ಮೇಲೆ ಒಂದು ಕಂದು ಚಂದ್ರ ಮೂಡಿದೆ. ಮುಂದೆ, ಚಾಲೂ ಮಾಡುವ ಗುಂಡಿಯ ಸುತ್ತಲಿನ ಸಣ್ಣ ಗೆರೆಯಲ್ಲಿ, ಒಂದಿಷ್ಟು ಕುಂಕುಮ ಕೂತುಬಿಟ್ಟಿದೆ. ಅರಿವೆಯ ತುದಿಗೆ ಸಿಗದ, ಉಗುರಿಗೂ ಬಾರದ ಕುಂಕುಮ. ಖಂಡೆ ಪೂಜೆಯದು. ದಸರೆಯ ಹಿಂದಿನ ದಿನ ಮನೆಯ ಕುಡಗೋಲು, ಕತ್ತರಿ, ತಕ್ಕಡಿ ಎಲ್ಲವನ್ನೂ ತೊಳೆದು ವಿಭೂತಿ ಕುಂಕುಮ ಹಚ್ಚಿ ಪೂಜಿಸುತ್ತೇವಲ್ಲ, ಆ ದಿನ ನಾನೇ ನನ್ನ ಕೈಯಾರೆ ಹಚ್ಚಿದ್ದು. ಉಪ್ಪಿನಕಾಯಿ ಬೇಕೆಂದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ. ಹೀಗಾಗಿ ನಾನು ಈಚೆಗೆ ಉಪ್ಪಿನಕಾಯಿಯನ್ನೇ ಕಡಿಮೆ ಮಾಡಿದ್ದೇನೆ. ನನ್ನಾಕೆ ಇದು ರಕ್ತದೊತ್ತಡದ ಪಥ್ಯವೆಂದು ತಿಳಿದು ಸಂತೋಷದಲ್ಲಿದ್ದಾಳೆ.

ಎರಡು ಸಾವಿರದ ನಾಲ್ಕೈದರ ಸುಮಾರಿನ ಮಾತು. ಮಗಳ ಬಿ.ಕಾಂ. ಓದಿಗೆಂದು ತಂದ ಯಂತ್ರ ಅದು. ಮಗಳು ಮದುವೆಯಾಗಿ ಉದಗೀರಕ್ಕೆ ಹೋದಳು, ಯಂತ್ರ ನನಗೆ ಉಳಿಯಿತು. ನಾನು ಹೈಸ್ಕೂಲು ಮುಗಿಸಿ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಮುನೀಮನಾಗಿ ಸವೆದವನು. ಕೆಲಸ ಬಿಟ್ಟ ಮೇಲೆ ಕೈಗೆ ಏನಾದರೂ ಬೇಕಿತ್ತು. ನಮ್ಮ ಕಡೆ ಬೀಗತನ ಕೂಡಿಸುವುದು ಪುಣ್ಯದ ಕೆಲಸ. ಒಬ್ಬರ ಮಗಳ ಫೋಟೊ, ಇನ್ನೊಬ್ಬರ ಮಗನ ವಿವರ ಎಂದು ಶುರುವಾಯಿತು; ಬರಬರುತ್ತ ಸುತ್ತಲಿನ ಊರುಗಳ ಹುಡುಗ ಹುಡುಗಿಯರೆಲ್ಲ ಆ ಡಬ್ಬಿಯೊಳಗೆ ಬಂದು ಕೂತರು. ಜನ ನನ್ನನ್ನು ಕಂಪ್ಯೂಟರ್ ಕಾಕಾ ಎಂದು ಕರೆಯತೊಡಗಿದರು. ಹೆಸರು, ತಂದೆಯ ಹೆಸರು, ಊರು, ಓದು, ಕೊನೆಗೆ ಸ್ವಭಾವ. ಸ್ವಭಾವದ ಮುಂದೆ ಎಲ್ಲರಿಗೂ ‘ಒಳ್ಳೆಯದು’ ಎಂದು ಬರೆದುಬಿಡುತ್ತಿದ್ದೆ, ಮುಖ ನೋಡದವರಿಗೂ. ಯಾರ ಮಗಳ ಫೋಟೊವನ್ನೂ ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ತೋರಿಸಲಿಲ್ಲ. ಆ ನಂಬಿಕೆಯೇ ನನ್ನ ಇಜ್ಜತ್ತು.

ಈ ಯಂತ್ರವನ್ನು ಸಂಭಾಳಿಸುತ್ತಿದ್ದವನು ಹುಮನಾಬಾದದ ನನ್ನ ಗೆಳೆಯ. ಅಲ್ಲಿಯ ಹೈಸ್ಕೂಲಿನಲ್ಲಿ ಒಂದೇ ಬೆಂಚಿನ ಮೇಲೆ ಕೂತವರು ನಾವು. ಅವನು ಮೊದಲು ರೇಡಿಯೊ ರಿಪೇರಿ ಮಾಡಿದ, ಆಮೇಲೆ ಟಿವಿ, ಆಮೇಲೆ ಕಂಪ್ಯೂಟರು; ಬಸ್ ಸ್ಟ್ಯಾಂಡಿನ ಹತ್ತಿರದ ಅದೇ ಕಿರಿದಾದ ಅಂಗಡಿ, ಫಲಕ ಮಾತ್ರ ಮೂರು ಸಲ ಬದಲಾಯಿತು. ಹೆಂಡತಿ ತೀರಿದ ಮೇಲೆ ಒಬ್ಬಳೇ ಮಗಳನ್ನು ತಾನೇ ಸಾಕಿದವನು. ಯಂತ್ರ ಕೆಟ್ಟಾಗಲೆಲ್ಲ ನಾನು ಡಬ್ಬಿಯನ್ನು ದುಪ್ಪಟಿಯಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು, ಬಸ್ಸಿನಲ್ಲಿ ಅವನಲ್ಲಿಗೆ ಹೋಗುತ್ತಿದ್ದೆ. ಒಮ್ಮೆ ಕಂಡಕ್ಟರ್, “ಕಾಕಾ, ಕೂಸಿಗಿ ಅರ್ಧಾ ಟಿಕೀಟ್ ತಗೋಬೇಕಾಗ್ತದ ನೋಡ್ರಿ,” ಎಂದು ಇಡೀ ಬಸ್ಸನ್ನು ನಗಿಸಿದ್ದ.

ಆ ವರ್ಷ ದಸರೆಗೆ ಒಂದು ವಾರ ಮೊದಲು ಯಂತ್ರಕ್ಕೆ ವೈರಸ್ಸು ಬಡಿದಿತ್ತು. ಗೆಳೆಯ ಅದನ್ನು ಬಿಚ್ಚಿ, ಧೂಳು ಊದಿ, ಒಳಗಿನದೆಲ್ಲ ಸ್ವಚ್ಛ ಮಾಡಿ ಕೊಟ್ಟ. ಕೊಡುವಾಗ ಪರದೆಯ ಕೆಳಮೂಲೆಯ ಒಂದು ಸಣ್ಣ ಹಳದಿ ಢಾಲನ್ನು, ಗುರಾಣಿಯ ಚಿತ್ರವನ್ನು, ತೋರಿಸಿದ.

“ಇದು ಅಪ್‌ಡೇಟ್. ಇನ್ಮ್ಯಾಲ ಫೋನಿನ ತಂತಿ ಮ್ಯಾಲಿಂದ ತಾನಾ ಬರ್ತದ. ನೀ ಬಂದ್ ಮಾಡೂಮುಂದ ಒಮ್ಮೊಮ್ಮಿ ‘ಜರಾ ತಡಿ, ಕರೆಂಟ್ ತೆಗೀಬ್ಯಾಡ’ ಅಂತ ಇಂಗ್ಲಿಷಿನ್ಯಾಗ ಬರೀತದ. ಆಗ ಸುಮ್ಮ ಕುಂದರು.”

“ಏನ್ ಮಾಡ್ತದ ಅದು ಅಷ್ಟೊತ್ತನ?”

“ತನ್ನ ತಪ್ಪು ತಾನಾ ತಿದ್ಕೋತದಪಾ. ತಿದ್ಕೋಳಾಕ ಟೈಮ್ ಕೇಳ್ತದ, ಅಷ್ಟು ಕೊಟ್ಬಿಡು. ಮತ್ತ ಆ ಫೋಟೋ ಎಲ್ಲಾ ಒಂದು ಸಿಡಿಗ್ಯಾರ ಹಾಕಿಟ್ಕೋ. ನನ್ನ ಮಗಳ ಫೋಟೊನೂ ಅದರಾಗ ಅದ, ನೆನಪಿರ್ಲಿ.”

“ಹಾಕ್ತೀನಿ ಬಿಡೋ,” ಎಂದೆ. ಹಾಕಲಿಲ್ಲ. ಮುಂದೂಡುವುದು ನನ್ನಲ್ಲಿ ಆಗಲೇ ಬೇರು ಬಿಟ್ಟಿತ್ತು.

ಆ ಹಳದಿ ಢಾಲು ನನ್ನ ನೆಮ್ಮದಿ ಕೆಡಿಸಿತು. ಯಾವ ಹೊತ್ತಿನಲ್ಲಿ ತಲೆ ಎತ್ತುತ್ತದೆಂದು ಹೇಳಲಾಗದು. ಫೋನಿನ ತಂತಿ ಹಿಡಿದುಕೊಂಡು ಅದು ಏನನ್ನೋ ಎಳೆದುಕೊಳ್ಳುತ್ತ ಕೂತರೆ ಹೊರಗಿನವರ ಫೋನು ಬರುತ್ತಿರಲಿಲ್ಲ. ಎಳೆದುಕೊಂಡದ್ದು ಮುಗಿದರೆ, ‘ಯಂತ್ರವನ್ನು ಈಗಲೇ ಬಂದ್ ಮಾಡಿ ಮತ್ತೆ ಚಾಲೂ ಮಾಡಲೋ, ಆಮೇಲೆ ಮಾಡಲೋ’ ಎಂದು ಕೇಳುತ್ತಿತ್ತು. ಈಗ ಅಥವಾ ಆಮೇಲೆ. ‘ಬೇಡ’ ಎನ್ನುವ ಗುಂಡಿಯೇ ಇರಲಿಲ್ಲ. ಆಮೇಲೆ ಎಂದು ಒತ್ತಿದರೆ ಸಾಲಗಾರನ ಹಾಗೆ ತುಸು ಹೊತ್ತಿಗೆ ಮತ್ತೆ ಬಾಗಿಲು ಬಡಿಯುತ್ತಿತ್ತು. ಒಂದು ಮಧ್ಯಾಹ್ನ ನಾರಾಯಣಪುರದಿಂದ ಬಂದ ಅಜ್ಜಿಯೊಬ್ಬರಿಗೆ ಹುಡುಗಿಯ ಫೋಟೊ ತೋರಿಸುತ್ತಿದ್ದಾಗ ನಾನು ಗಮನಿಸದೆ ಅದು ಕೊಟ್ಟ ಗಡುವು ಮೀರಿ, ಯಂತ್ರ ತಾನಾಗಿ ಬಂದ್ ಆಗಿ ಪರದೆ ಕಪ್ಪಾಯಿತು. ಅಜ್ಜಿ, “ಯಾಕ್ರಿ, ಹುಡುಗಿ ನಾಚ್ಕೊಂಡು ಒಳಗ ಹೋದಳೇನು?” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಖಂಡೆ ಪೂಜೆಯ ದಿನ ಬಂತು. ಪೂಜೆಗೆ ಇಡುವ ಸಾಮಾನುಗಳೆಲ್ಲ ಆ ಹೊತ್ತಿಗೆ ವಿಶ್ರಾಂತಿಯಲ್ಲಿರಬೇಕು. ಕುಂಕುಮ ಬಿದ್ದ ಮೇಲೆ ಮರುದಿನದವರೆಗೆ ಯಾರೂ ಮುಟ್ಟಬಾರದು. ಇದು ನಮ್ಮ ಮನೆಯ ನೇಮ. ನಾನು ಯಂತ್ರವನ್ನು ಬಂದ್ ಮಾಡಲು ಹೋದೆ. ಅದು ಬಂದ್ ಆಗಲಿಲ್ಲ. ನೀಲಿ ಪರದೆಯ ಮೇಲೆ ಬಿಳಿ ಅಕ್ಷರ: ತಿದ್ದುಪಡಿ ನಡೆದಿದೆ, ಕರೆಂಟ್ ತೆಗೆಯಬೇಡಿ. ನನ್ನ ಹೈಸ್ಕೂಲಿನ ಇಂಗ್ಲಿಷಿಗೆ ಅದು ಸರಿಯಾಗಿಯೇ ಅರ್ಥವಾಯಿತು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಪೂಜೆಗೆ ಬಂದ ಅಯ್ಯನವರಿಗೆ ಇನ್ನೂ ಹತ್ತು ಮನೆ ಇದ್ದವು. ನನ್ನಾಕೆ ಆರತಿ ತಟ್ಟೆ ಹಿಡಿದು ನಿಂತಿದ್ದಳು.

“ಗುರ್ ಅನ್ನಾಕತ್ತದಲ್ರಿ ಅದು! ಎಚ್ಚರ ಇದ್ದ ಸಾಮಾನಿಗಿ ಹ್ಯಾಂಗ ಆರತಿ ಎತ್ಲಿ?”

“ತಡಿ, ತಿದ್ಕೊಳಾಕತ್ತದ.”

“ಏನ್ ತಿದ್ಕೋತದೋ! ಅಯ್ನೋರು ಕಾಯಾಕತ್ಯಾರ. ದೇವರಿಗಿಂತ ಹೆಚ್ಚಿಂದೇನ್ರಿ ಅದರ ಹುಕುಂ?”

ಅಯ್ಯನವರು ಬಾಗಿಲ ಕಡೆ ನೋಡಿದರು. ನಾನು ಬಗ್ಗಿ ಗೋಡೆಯ ಸ್ವಿಚ್ಚು ತೆಗೆದೆ. ಯುಪಿಎಸ್ಸು ಕಿಂಯ್ ಎಂದಿತು, ಅದನ್ನೂ ಒತ್ತಿಬಿಟ್ಟೆ. ಗುರುಗುಟ್ಟುವುದು ನಿಂತಿತು. ಆ ಮೌನದಲ್ಲಿ ಗುಂಡಿಯ ಮೇಲೆ ವಿಭೂತಿ ಎಳೆದೆ, ಕುಂಕುಮ ಇಟ್ಟೆ. ಕೈ ಮುಗಿದೆ. ನೇಮದ ಪ್ರಕಾರ ಮರುದಿನದವರೆಗೆ ಮುಟ್ಟುವಂತಿಲ್ಲ. ಆ ಇಡೀ ದಿನ, ಹೋಳಿಗೆ ಉಣ್ಣುವಾಗಲೂ, ನನ್ನ ಕಣ್ಣು ಆ ಡಬ್ಬಿಯ ಮೇಲೆಯೇ ಇತ್ತು.

ಮರುದಿನ ದಸರೆ. ಮುಹೂರ್ತ ಕೇಳಬೇಕಿಲ್ಲದ ದಿನವೆಂದು ಹಳ್ಳಿಖೇಡದ ಗೌಡರೊಬ್ಬರು, ಕಬ್ಬಿನ ಕುಳ, ತಂಗಿಯನ್ನು ಕರೆದುಕೊಂಡು ಸಂಜೆಗೆ ಬಂದರು. ಅವರ ಮಗಳ ಫೋಟೊ ನನ್ನಲ್ಲಿತ್ತು. ವರನ ಫೋಟೊ ನೋಡಿ ಮಾತು ಮುಗಿಸಬೇಕಿತ್ತು. ನಾನು ಗುಂಡಿ ಒತ್ತಿದೆ. ಕಪ್ಪು ಪರದೆ, ಒಂದು ಸಾಲು ಬಿಳಿ ಅಕ್ಷರ, ಮತ್ತೆ ಕಪ್ಪು. ಮತ್ತೆ ಒತ್ತಿದೆ. ಅದೇ. ಗೌಡರು ಚಹದ ಬಸಿಯನ್ನು ಮೆಲ್ಲಗೆ ಕೆಳಗಿಟ್ಟರು.

“ಏನಾತ್ರಿ ಕಾಕಾ?”

ಆಗ ನಾನು ಏನು ಹೇಳಬೇಕಿತ್ತೆಂದು ನಿಮಗೂ ಗೊತ್ತು, ನನಗೂ ಗೊತ್ತು. ‘ನಿನ್ನೆ ನಾನೇ ಕರೆಂಟ್ ತೆಗೆದೆ’ ಎಂಬ ನಾಲ್ಕು ಶಬ್ದ. ಅದರ ಬದಲು, “ಮನ್ನಿ ಹುಮನಾಬಾದದಾಗ ರಿಪೇರಿಗಿ ಕೊಟ್ಟಿದ್ದೆ, ಅಂವ ಏನ್ ಮಾಡಿ ಕೊಟ್ಟಾನೋ,” ಎಂದೆ.

ಗೌಡರ ತಂಗಿ ಥಟ್ಟನೆ ತಲೆ ಎತ್ತಿದರು. “ಅಂದ್ರ ನಮ್ಮ ಹುಡುಗಿ ಫೋಟೋ ಅವನ ಕೈಯಾಗ ಹೋಗ್ಯಾವೇನು ಮತ್ತ?”

“ಯಾರಿಗೊತ್ತರಿ,” ಎಂದೆ.

ಅಷ್ಟೇ. ನಾನು ಸುಳ್ಳು ಹೇಳಲಿಲ್ಲ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಯಾರಿಗೆ ಗೊತ್ತು ಎಂಬುದು ಪ್ರಶ್ನೆ, ಆರೋಪವಲ್ಲ ಎಂದು. ಆದರೆ ಊರಲ್ಲಿ ಬಾಳಿದ ಯಾರನ್ನಾದರೂ ಕೇಳಿ, ಪೂರ್ತಿ ಸುಳ್ಳಿಗೆ ಎದುರು ನಿಂತು ಜಗಳವಾಡಬಹುದು. ಅರ್ಧ ಮಾತಿನ ಜೊತೆ ಯಾರು ಜಗಳವಾಡಬೇಕು? ಉಳಿದ ಅರ್ಧವನ್ನು ಕೇಳಿದವರೇ ತುಂಬಿಕೊಳ್ಳುತ್ತಾರೆ, ತಮತಮಗೆ ಇರುವ ಅಂಜಿಕೆಯ ಅಳತೆಗೆ. ಹೆಣ್ಣುಮಕ್ಕಳ ಫೋಟೊ ಎಂದರೆ ಆ ಅಳತೆ ಎಷ್ಟು ದೊಡ್ಡದು, ಯೋಚಿಸಿ.

ಆ ಮಾತು ಇನ್ನೂ ಪಡಸಾಲೆಯಲ್ಲಿ ಇರುವಾಗಲೇ ಗೆಳೆಯ ಬಂದ. ಪ್ರತಿ ದಸರೆಗೂ ಅವನು ಹುಮನಾಬಾದದಿಂದ ನಮ್ಮಲ್ಲಿಗೆ ಬನ್ನಿ ಕೊಡಲು ಬರುವವನೇ. ದಸರೆಯ ಸಂಜೆ ಬನ್ನಿ ಎಲೆ ಕೈಗಿಟ್ಟರೆ ವೈರಿಯಾದರೂ ತೆಗೆದುಕೊಳ್ಳಬೇಕು, ಹಳೆಯದೆಲ್ಲ ಅಲ್ಲಿಗೆ ಮುಗಿಯಿತು ಎಂಬುದು ನಮ್ಮ ಕಡೆಯ ಕಟ್ಟಳೆ. ಹೊಸ ಧೋತರ, ಎಣ್ಣೆ ಹಚ್ಚಿ ಬಾಚಿದ ತಲೆ, ಮುಷ್ಟಿ ತುಂಬ ಬನ್ನಿ.

“ಬನ್ನಿ ತಗೊಂಡು ಬಂಗಾರದಂಗ ಇರೂಣೋ, ದೋಸ್ತ,” ಎಂದು ಕೈ ಚಾಚಿದ.

ಗೌಡರು ನೋಡುತ್ತಿದ್ದರು. ಅವರ ತಂಗಿ ನೋಡುತ್ತಿದ್ದರು. ನಾನು ಆ ಬನ್ನಿ ತೆಗೆದುಕೊಂಡರೆ ಈಗಷ್ಟೇ ಆಡಿದ ಮಾತು ಪೊಳ್ಳಾಗುತ್ತಿತ್ತು. ನನ್ನ ಕೈ ಶಾಲಿನೊಳಗೇ ಉಳಿಯಿತು.

“ಅಲ್ಲಿ ಇಡು,” ಎಂದೆ.

ಅವನು ನಕ್ಕ, ಚೇಷ್ಟೆಯೆಂದು ತಿಳಿದ. ನಂತರ ನನ್ನ ಮುಖ ನೋಡಿದ, ಬಂದವರ ಮುಖ ನೋಡಿದ, ಕಪ್ಪು ಪರದೆ ನೋಡಿದ. “ಯಾಕ, ಚಾಲೂ ಆಗವಲ್ದೇನು? ಸರಿ ಜರಾ, ನೋಡ್ತೀನಿ.”

“ಬ್ಯಾಡ. ಸಾಕು, ನೀ ನೋಡಿದ್ದು.”

ಅವನು ಬನ್ನಿಯನ್ನು ಡಬ್ಬಿಯ ಮೇಲೆ ಇಟ್ಟ. ಎಸೆಯಲಿಲ್ಲ, ಎರಡೂ ಕೈಯಿಂದ, ದೇವರ ಮುಂದೆ ಇಡುವ ಹಾಗೆ ಇಟ್ಟ. ಒಳಗಿನಿಂದ ನನ್ನಾಕೆ, “ಅಣ್ಣಾವ್ರೇ, ಚಾ ಕುಡದು ಹೋಗ್ರಿ,” ಎಂದು ಕೂಗುವಷ್ಟರಲ್ಲಿ ಮೆಟ್ಟು ಹಾಕಿಕೊಂಡು ಹೋಗಿಬಿಟ್ಟಿದ್ದ.

ನನ್ನ ‘ಯಾರಿಗೊತ್ತರಿ’ ಗೌಡರ ಜೊತೆ ಹಳ್ಳಿಖೇಡಕ್ಕೆ ಹೋಯಿತು, ಸಕ್ಕರೆ ಕಾರ್ಖಾನೆಯ ಮುಂದೆ ಸಾಲುಗಟ್ಟಿದ ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಅಡ್ಡಾಡಿತು, ಹುಮನಾಬಾದದ ಚಹದಂಗಡಿಗಳಿಗೆ ತಿರುಗಿ ಬರುವ ಹೊತ್ತಿಗೆ ಅದಕ್ಕೆ ಕೈಕಾಲು ಮೂಡಿದ್ದವು. ನಾನು ಆಡದ ಮಾತುಗಳನ್ನು ನನ್ನ ಬಾಯಿಯದೆಂದೇ ಜನ ನನಗೆ ಬಂದು ಹೇಳಿದರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಹುಡುಗಿಯರ ಫೋಟೊ ಕದಿಯುತ್ತಾನೆಂಬ ಹೆಸರು ಬಿದ್ದ ರಿಪೇರಿಯವನನ್ನು ಮನೆಯೊಳಗೆ ಯಾರು ಕರೆದಾರು? ಮೊದಲು ಗೆಳೆಯನನ್ನು ಮನೆಗಳಿಗೆ ಕರೆಯುವುದು ನಿಂತಿತು, ಆಮೇಲೆ ಅವನ ಅಂಗಡಿಗೆ ಯಂತ್ರ ತರುವುದೂ.

ಇನ್ನು ಯಂತ್ರ. ಒಂದು ತಿಂಗಳ ಮೇಲೆ ಕಲಬುರಗಿಯಿಂದ ಬಂದ ರಿಪೇರಿಯವರೊಬ್ಬರು ಅದನ್ನು ಬಿಚ್ಚಿದರು. “ಅಪ್‌ಡೇಟ್ ನಡಬರಕ ಕರೆಂಟ್ ಹೋಗ್ಯದ, ಅಷ್ಟಾ. ಒಳಗಿನ ಸಾಮಾನು ಎಲ್ಲಾ ಹ್ಯಾಂಗಿದ್ದವೋ ಹಂಗಾ ಅವ,” ಎಂದರು. ಫೋಟೊಗಳೆಲ್ಲ ಮರಳಿ ಬಂದವು. ಒಂದೂ ಕಳೆದಿರಲಿಲ್ಲ. ಗೆಳೆಯನ ಮಗಳ ಫೋಟೊ ಕೂಡ ಅಲ್ಲೇ ಇತ್ತು, ಎರಡು ಜಡೆ, ಹಸಿರು ಸೀರೆ. ತನ್ನ ಮಗಳನ್ನೇ ನನ್ನ ಡಬ್ಬಿಯಲ್ಲಿ ನಂಬಿ ಇಟ್ಟವನ ಮೇಲೆ ನಾನು ಮಂದಿಯ ಮಕ್ಕಳ ಫೋಟೊ ಕದ್ದ ನೆರಳು ಚೆಲ್ಲಿದ್ದೆ.

ಬಿಚ್ಚಿದ ಡಬ್ಬಿಯ ತಳದಲ್ಲಿ ಅವರಿಗೆ ಒಂದಿಷ್ಟು ಒಣ ಎಲೆ ಸಿಕ್ಕಿತು. ಮೇಲಿಟ್ಟ ಬನ್ನಿ ಬಾಡಿ, ಉದುರಿ, ಹಿಂದಿನ ಸಂದಿಯಿಂದ ಒಳಗಿಳಿದಿತ್ತು. “ಇದೇನ್ರಿ ಕಾಕಾ, ಮಷಿನ್‌ಗೂ ಬನ್ನಿ ಕೊಟ್ಟೀರೇನು?” ಎಂದು ನಕ್ಕರು. ಊದಿ ತೆಗೆಯಲು ಹೋದವರನ್ನು ತಡೆದೆ. ತೆಗೆಯಲು ನನಗೆ ಧೈರ್ಯವಿರಲಿಲ್ಲ, ಚೆಲ್ಲಲೂ ಇರಲಿಲ್ಲ. “ಇರ್ಲಿ ಬಿಡ್ರಿ, ಅದರಾಗಾ ಇರ್ಲಿ,” ಎಂದೆ. ಅವರು ನನ್ನನ್ನು ದೊಡ್ಡ ಭಕ್ತನೆಂದು ತಿಳಿದಿರಬೇಕು.

ಅದೇ ದಿನ ಬಸ್ಸು ಹತ್ತಿ ಹುಮನಾಬಾದಕ್ಕೆ ಹೋಗಿ, ಬಸ್ ಸ್ಟ್ಯಾಂಡಿನಲ್ಲಿ ನಿಂತು, ಫೋಟೊ ಎಲ್ಲ ಇವೆ, ತಪ್ಪು ನನ್ನದು ಎನ್ನಬಹುದಿತ್ತು. ಎನ್ನಲಿಲ್ಲ. ಜನ ನನ್ನನ್ನು ಕಾಕಾ ಎನ್ನುವುದು ಬಿಟ್ಟುಬಿಟ್ಟಾರು ಎಂಬ ಅಂಜಿಕೆ. ಅಂದಿನಿಂದ ಆ ಹಳದಿ ಢಾಲು ನನಗೆ ಬರಿಯ ಢಾಲಾಗಿ ಉಳಿಯಲಿಲ್ಲ. ಅದು ಮೂಡಿದರೆ ಎದೆ ಧಸಕ್ಕೆನ್ನುತ್ತಿತ್ತು. ‘ನನ್ನೊಳಗೆ ತಪ್ಪಿದೆ, ತಿದ್ದಿಕೊಳ್ಳಬೇಕು, ತುಸು ತಡಿ’ ಎಂದು ಒಂದು ತಗಡಿನ ಡಬ್ಬಿ ನಾಚಿಕೆಯಿಲ್ಲದೆ ತಿಂಗಳು ತಿಂಗಳೂ ಕೇಳುತ್ತಿತ್ತು. ನಾನು ‘ಆಮೇಲೆ’ ಒತ್ತುತ್ತಿದ್ದೆ. ಕಡೆಗೆ ಯಾರನ್ನೋ ಕರೆಸಿ ಆ ಅಪ್‌ಡೇಟನ್ನೇ ಶಾಶ್ವತವಾಗಿ ನಿಲ್ಲಿಸಿಬಿಟ್ಟೆ. ತಿದ್ದುವವರಿಲ್ಲದ ಯಂತ್ರ ಒಂದೊಂದೇ ರೋಗ ಹಿಡಿದು, ಮೆಲ್ಲಗಾಗಿ, ಒಂದು ದಿನ ಸುಮ್ಮನಾಯಿತು. ಬೀಗತನದ ಕೆಲಸವನ್ನು ಅದರ ನೆವದಲ್ಲಿ ಬಿಟ್ಟೆ. ಯಾರದೋ ಸ್ವಭಾವದ ಮುಂದೆ ‘ಒಳ್ಳೆಯದು’ ಎಂದು ಬರೆಯುವಾಗ ಬೆರಳು ನಿಲ್ಲುತ್ತಿತ್ತು.

ಗೆಳೆಯ ಅಂಗಡಿ ಮುಚ್ಚಿ ಚಿಟಗುಪ್ಪಕ್ಕೆ ಹೋದ. ಅಲ್ಲಿ ಅವನ ಅಣ್ಣನ ಹಿಟ್ಟಿನ ಗಿರಣಿ ಇದೆ. ಮಗಳ ಮದುವೆಯಾಯಿತೆಂದು ಕೇಳಿದೆ. ನನಗೆ ಕರೆ ಬರಲಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ದಸರೆಗೆ ಅಂಗಿಯ ಜೇಬಿನಲ್ಲಿ ಬನ್ನಿ ಇಟ್ಟುಕೊಂಡು ನಾನು ಚಿಟಗುಪ್ಪದ ಬಸ್ಸು ಹತ್ತಿದ್ದುಂಟು. ಗಿರಣಿಯ ಎದುರಿನ ಬೇವಿನ ಗಿಡದ ಕೆಳಗೆ ನಿಂತು ನೋಡಿದೆ. ಹುಬ್ಬಿನ ಮೇಲೆಲ್ಲ ಜೋಳದ ಹಿಟ್ಟು, ಕೈಯಲ್ಲಿ ಯಾರದೋ ಡಬ್ಬಿ, ಗಿರಾಕಿಯೊಬ್ಬಳೊಡನೆ ನಗುತ್ತಿದ್ದ. “ಅಕ್ಕಾ, ನಿನ್ನ ಜೋಳದಾಗ ಹಳ್ಳು ಕಲ್ಲೇ ಹೆಚ್ಚವ, ಗಿರಣಿ ಹಲ್ಲು ಮುರೀತದ ನೋಡು!” ಅದೇ ದನಿ. ಆ ನಗುವನ್ನು ನಿಲ್ಲಿಸಲು ನಾನು ಯಾರು ಎಂದುಕೊಂಡೆ. ಈ ವಿಚಾರ ಆಗ ಬಹಳ ಉದಾತ್ತವೆನಿಸಿತು. ತಿರುಗಿ ಬರುವ ಬಸ್ಸಿನಲ್ಲಿ ಕೂತ ಮೇಲೆ ಅದೂ ಒಂದು ‘ಆಮೇಲೆ’ ಗುಂಡಿಯೇ ಎಂದು ಹೊಳೆಯಿತು. ಜೇಬಿನ ಬನ್ನಿ ಮನೆ ಮುಟ್ಟುವುದರೊಳಗೆ ಪುಡಿಯಾಗಿತ್ತು.

ಇವತ್ತು ಬೆಳಿಗ್ಗೆ ಭರಣಿ ಇಳಿಸಿದೆ. ನನ್ನಾಕೆ, “ಪಥ್ಯ ಬಿಟ್ರೇನು?” ಎಂದಳು. ನಾನು ಸ್ಕ್ರೂ ತಿರುಗಿಸಿದೆ, ಅವಳು ದೀಪ ಹಿಡಿದಳು. ಮುಚ್ಚಳ ತೆಗೆದಾಗ ತಳದ ಧೂಳಿನಲ್ಲಿ ಬನ್ನಿ ಇನ್ನೂ ಇತ್ತು, ಎಲೆಯೆಂದು ಗುರುತಿಸಬಹುದಾದದ್ದು ನಾಲ್ಕೋ ಐದೋ. ಅಂದು ಶಾಲಿನೊಳಗೆ ಉಳಿದ ಕೈಯನ್ನೇ ಚಾಚಿ ತೆಗೆದುಕೊಂಡೆ. ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ದೀಪ ಕೆಳಗಿಟ್ಟಳು. ಆಮೇಲೆ, “ಆರತಿ ಹಿಡಕೊಂಡು ಅವಸರ ಮಾಡ್ದಾಕಿ ನಾನೂ ಹೌದಲ್ರಿ,” ಎಂದಳು. ಅಲ್ಲ. ಅವಸರ ಅವಳದಿರಬಹುದು, ‘ಯಾರಿಗೊತ್ತರಿ’ ಎಂದದ್ದು ನಾನೊಬ್ಬನೇ.

ತೆಗೆದುಕೊಂಡ ಬನ್ನಿಗೆ ಪ್ರತಿಯಾಗಿ ಕೊಡಬೇಕು. ಚಿಟಗುಪ್ಪದ ಬಸ್ಸು ಹತ್ತುತ್ತೇನೆ ಎಂದು ನಿಮಗೆ ಮಾತು ಕೊಡಲಾರೆ, ನನ್ನ ಮಾತಿನ ಬೆಲೆ ನನಗೆ ಗೊತ್ತಿದೆ. ಅವನು ಕೈ ಚಾಚದೆ ‘ಅಲ್ಲಿ ಇಡು’ ಎಂದರೆ ಹೇಗೆ ಎಂಬ ಅಂಜಿಕೆ ಇನ್ನೂ ಹೋಗಿಲ್ಲ. ಆದರೆ ಹೆಸರು ಕೆಡಿಸಿದ್ದು ಹತ್ತು ಮಂದಿಯ ಮುಂದೆ. ಗಿರಣಿಯ ಸದ್ದಿನಲ್ಲಿ ಅವನೊಬ್ಬನ ಕಿವಿಗೆ ಹೇಳಿದರೆ ಅದು ತೀರುವುದಿಲ್ಲ. ಅದಕ್ಕೇ ಇದನ್ನು ಮೊದಲು ಇಲ್ಲಿ ಬರೆದೆ. ನೀವು ಗಮನಿಸಿರಬಹುದು, ಇಷ್ಟು ಬರೆದರೂ ಅವನ ಹೆಸರು ಒಮ್ಮೆಯೂ ನನ್ನ ಲೇಖನಿಗೆ ಬರಲಿಲ್ಲ. ಮದುವೆಯ ವಿವರ ಬರೆಯುವಾಗ ಹೆಸರು ಮೊದಲು, ಸ್ವಭಾವ ಕೊನೆಗೆ. ಇದೊಂದನ್ನು ಕೆಳಗಿನಿಂದ ಮೇಲಕ್ಕೆ ಬರೆಯುತ್ತೇನೆ, ಹೆಸರಿಗೆ ಬರಲು ಇನ್ನೂ ತುಸು ಧೈರ್ಯ ಬೇಕು.

ಸ್ವಭಾವ: ಒಳ್ಳೆಯದು. ಈ ಸಲ ತಿಳಿದೇ ಬರೆದಿದ್ದೇನೆ.

ಓದು: ಹೈಸ್ಕೂಲು, ನನ್ನದೇ ಬೆಂಚು.

ಊರು: ಹುಮನಾಬಾದ, ನನ್ನಿಂದಾಗಿ ಈಗ ಚಿಟಗುಪ್ಪ.

ತಂದೆಯ ಹೆಸರು: ಕಾಶಪ್ಪ.

ಹೆಸರು: ಮಾಣಿಕಪ್ಪ.